ದೂರದ ಓಟಕ್ಕೆ ಅರ್ಧಬಲದ ನಿಯಮ

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಕಡಲ ದಂಡೆಯಲ್ಲಿಯೂ ಘಟ್ಟದ ಬುಡದ ಕಾಲುದಾರಿಗಳಲ್ಲಿಯೂ ನಸುಕಿನಲ್ಲೆದ್ದು ಓಡುವ ಗೃಹಸ್ಥರನ್ನು ಈಗ ನಾವು ಕಾಣುತ್ತೇವೆ. ಇವರಿಗೆ ಪದಕದ ಹಂಬಲವಿಲ್ಲ; ದೇಹವು ಹಗುರವಾಗಿರಬೇಕು, ಮನಸ್ಸು ತಿಳಿಯಾಗಿರಬೇಕು ಎಂಬಷ್ಟೇ ಅಪೇಕ್ಷೆ. ಇದು ಮೆಚ್ಚತಕ್ಕ ಸಂಗತಿಯೇ ಸರಿ. ಆದರೆ ಉತ್ಸಾಹಕ್ಕೆ ವಿವೇಕವು ಜೊತೆಗೂಡದಿದ್ದಲ್ಲಿ ಆರೋಗ್ಯಕ್ಕಾಗಿ ತೊಡಗಿದ ಕೆಲಸವೇ ಅನಾರೋಗ್ಯಕ್ಕೆ ಕಾರಣವಾಗುವುದುಂಟು. ಆದುದರಿಂದ ಈ ತಿಂಗಳು ಆ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇವೆ.

ದೂರದ ಓಟವು ನಮ್ಮ ನಾಡಿಗೆ ಹೊಸತೇನೂ ಅಲ್ಲ. ೧೯೨೦ರಲ್ಲಿ ಆಂಟ್‌ವರ್ಪ್ ನಗರದಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳ ಮ್ಯಾರಥಾನ್ ಓಟದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು ೪೨ ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ೨ ಗಂಟೆ ೫೦ ನಿಮಿಷಗಳ ಆಸುಪಾಸಿನಲ್ಲಿ ಓಡಿ ೧೯ನೆಯವರಾದರು. ಅಂಥ ವೀರರ ನೆನಪು ನಮಗೆ ಹುರುಪನ್ನು ಕೊಡಲಿ. ಅವರ ವೇಗವು ಮಾತ್ರ ಗೃಹಸ್ಥರ ಅಳತೆಗೋಲಾಗಬಾರದು.

ಹಾಗಾದರೆ ನಮ್ಮ ಅಳತೆ ಯಾವುದು? ವಾಗ್ಭಟನು ಅಷ್ಟಾಂಗಹೃದಯದ ದಿನಚರ್ಯೆಯಲ್ಲಿ ವ್ಯಾಯಾಮವನ್ನು ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ಮಾಡಬೇಕೆಂದು ವಿಧಿಸಿದ್ದಾನೆ. ಅದನ್ನೂ ಶೀತಕಾಲದಲ್ಲಿ ಮತ್ತು ವಸಂತದಲ್ಲಿ. ಉಳಿದ ಋತುಗಳಲ್ಲಿ ಇನ್ನೂ ಮಂದವಾಗಿ. ಅರ್ಧಬಲವನ್ನು ಗುರುತಿಸುವುದು ಹೇಗೆಂಬುದಕ್ಕೆ ಸುಶ್ರುತಸಂಹಿತೆಯು ಸುಲಭವಾದ ಲಕ್ಷಣವನ್ನು ಹೇಳುತ್ತದೆ: ಎದೆಯಲ್ಲಿರುವ ವಾಯು ಬಾಯಿಗೆ ಬಂದಾಗ, ಎಂದರೆ ಬಾಯಿಂದ ಉಸಿರೆಳೆಯಬೇಕಾಗಿ ಬಂದಾಗ, ಅರ್ಧಬಲವು ಮುಗಿಯಿತೆಂದು ತಿಳಿಯತಕ್ಕದ್ದು. ಇಂದಿನ ಕ್ರೀಡಾವೈದ್ಯರು ಹೇಳುವ ಪರೀಕ್ಷೆಯೂ ಇದಕ್ಕೆ ಹತ್ತಿರದ್ದೇ. ಓಡುತ್ತಿರುವಾಗ ಜೊತೆಗಾರನೊಡನೆ ಪೂರ್ಣ ವಾಕ್ಯಗಳಲ್ಲಿ ಮಾತನಾಡಲು ಸಾಧ್ಯವಾದರೆ ವೇಗವು ಹಿತವಾದುದು; ಮಾತು ತುಂಡುತುಂಡಾದರೆ ಅದು ಮಿತಿ ಮೀರಿತು. ವಾರದ ಓಟದ ಬಹುಭಾಗವು ಈ ಹಿತವಾದ ವೇಗದಲ್ಲಿಯೇ ಸಾಗಬೇಕು.

ಹೊಸದಾಗಿ ತೊಡಗುವವರು ಎರಡು ನಿಮಿಷ ಓಡಿ ಎರಡು ನಿಮಿಷ ನಡೆಯುತ್ತ, ಅರ್ಧ ಗಂಟೆ, ವಾರಕ್ಕೆ ಮೂರು ದಿನ ಅಭ್ಯಾಸಮಾಡಲಿ. ಓಟದ ಪಾಲನ್ನು ಮೆಲ್ಲಮೆಲ್ಲನೆ ಏರಿಸುತ್ತ ಹೋಗಲಿ. ವಾರದ ಒಟ್ಟು ದೂರವನ್ನು ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚಿಸಬಾರದೆಂಬುದು ರೂಢಿಯ ಮಾತು; ಅದು ಅಚ್ಚುಕಟ್ಟಾದ ಶಾಸ್ತ್ರವಲ್ಲದಿದ್ದರೂ ಆತುರಗಾರರಿಗೆ ಒಳ್ಳೆಯ ಕಡಿವಾಣ. ನಾಲ್ಕು ವಾರಗಳಿಗೊಮ್ಮೆ ದೂರವನ್ನು ಇಳಿಸಿ ದೇಹಕ್ಕೆ ಬಿಡುವು ಕೊಡಬೇಕು. ಓಟವಿಲ್ಲದ ಎರಡು ದಿನಗಳಲ್ಲಿ ಬಸ್ಕಿ ಹೊಡೆಯುವುದರಿಂದ ತೊಡೆ ಮೊಣಕಾಲುಗಳು ಬಲಗೊಳ್ಳುವುವು.

ನಮ್ಮ ನೆಲಕ್ಕೆ ತಕ್ಕ ಎಚ್ಚರವೂ ಬೇಕು. ಗೇರುಸೊಪ್ಪೆಯ ಕಡೆಗಾಗಲಿ ದೇವಿಮನೆ ಘಟ್ಟದ ಕಡೆಗಾಗಲಿ ಏರುವವರು ಕಡಿದಾದ ಏರಿನಲ್ಲಿ ನಡೆದೇ ಹೋಗಲಿ. ಅದರಲ್ಲಿ ಅವಮಾನವೇನೂ ಇಲ್ಲ. ಮರುದಿನ ತೊಡೆಯನ್ನು ನೋಯಿಸುವುದು ಏರಿಗಿಂತ ಹೆಚ್ಚಾಗಿ ಇಳುಕಲು. ಅಲ್ಲಿ ಹೆಜ್ಜೆಗಳು ಚಿಕ್ಕವಾಗಿರಬೇಕು, ಮೊಣಕಾಲು ತುಸು ಮಡಿದಿರಬೇಕು. ಕಾಸರಕೋಡು, ಮುರ್ಡೇಶ್ವರಗಳ ದಂಡೆಯಲ್ಲಿ ಓಡುವವರು ಒಣಮರಳಿನಲ್ಲಿ ಗಟ್ಟಿನೆಲಕ್ಕಿಂತ ಒಂದೂವರೆ ಪಟ್ಟಿಗೂ ಮಿಕ್ಕ ಶಕ್ತಿ ವ್ಯಯವಾಗುವುದೆಂಬುದನ್ನು ನೆನಪಿಡಬೇಕು. ಇಳಿತದ ಹೊತ್ತಿನ ಒದ್ದೆಮರಳು ಮೇಲು. ದಂಡೆಯು ಒಂದು ಕಡೆಗೆ ಬಾಗಿರುವುದರಿಂದ ಹೋದ ದಾರಿಯಲ್ಲಿಯೇ ಮರಳಿದರೆ ಎರಡೂ ಕಾಲುಗಳಿಗೆ ಭಾರವು ಸಮನಾಗುವುದು.

ಕರಾವಳಿಯ ಸೆಕೆಯಲ್ಲಿ ಗಾಳಿಯೇ ತೇವವಾಗಿರುವುದರಿಂದ ಬೆವರು ಆರದು. ಬೆವರಾರದೆ ದೇಹವು ತಂಪಾಗದು. ಆದುದರಿಂದ ಬೇಸಿಗೆಯಲ್ಲಿ ಸೂರ್ಯೋದಯಕ್ಕೆ ಮೊದಲೇ ಓಟವು ಮುಗಿಯಬೇಕು. ಸೆಕೆಗೆ ಒಗ್ಗಲು ದೇಹಕ್ಕೆ ಎರಡು ವಾರಗಳ ಅವಧಿ ಕೊಡಬೇಕು. ತಲೆಸುತ್ತು, ಚಳಿನಡುಕ, ಮಂಕು ಕಂಡೊಡನೆ ನಿಂತು ನೆರಳಿಗೆ ಸೇರಿ ಮೈಮೇಲೆ ತಣ್ಣೀರನ್ನು ಸುರಿದುಕೊಳ್ಳಬೇಕು. ಬಾಯಾರಿದಷ್ಟೇ ಕುಡಿಯಬೇಕು, ಬರಿಯ ನೀರನ್ನು ಮಿತಿಮೀರಿ ಕುಡಿದರೆ ರಕ್ತದ ಲವಣಾಂಶವು ಕುಗ್ಗಿ ಅಪಾಯವಾಗುವುದು. ಗಂಟೆಗೆ ಮೀರಿದ ಓಟಕ್ಕೆ ಉಪ್ಪು ಸಕ್ಕರೆ ಬೆರೆತ ಮುರುಗಲ ಪಾನಕ, ಮರಳಿದ ಮೇಲೆ ಉಪ್ಪು ಹಾಕಿದ ಗಂಜಿ: ನಮ್ಮ ಮನೆಗಳಲ್ಲಿಯೇ ಇವು ಸಿದ್ಧವಾಗಿವೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಶಾಸ್ತ್ರವು ವ್ಯಾಯಾಮಕ್ಕೆ ಪ್ರಶಸ್ತವೆಂದ ಶೀತಕಾಲವೂ ವಸಂತವೂ ನಮ್ಮ ಕಾಡುಗಳಲ್ಲಿ ಮಂಗನ ಕಾಯಿಲೆಯ ಕಾಲವೂ ಆಗಿವೆ. ೧೯೫೭ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಈ ರೋಗವು ಉಣುಗಿನ ಕಡಿತದಿಂದ ಬರುವುದು. ಹೊನ್ನಾವರದ ಕಾಡಂಚಿನಲ್ಲಿಯೂ ಇದು ಕಾಣಿಸಿಕೊಂಡಿದೆ. ೨೦೨೪ರಲ್ಲಿ ನೆರೆಯ ಸಿದ್ದಾಪುರ ತಾಲೂಕಿನಲ್ಲಿ ಸಾವುಗಳೂ ಆದುವು. ಇದನ್ನು ನೇರವಾಗಿ ವಾಸಿಮಾಡುವ ಔಷಧವಿಲ್ಲ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಗೊಂಡಾರಣ್ಯದ ಕಾಲುದಾರಿಗಳನ್ನು ಬಿಟ್ಟು ಊರ ರಸ್ತೆಯಲ್ಲಿಯೋ ಕಡಲ ದಂಡೆಯಲ್ಲಿಯೋ ಓಡುವುದೇ ಲೇಸೆಂದು ನಮ್ಮ ಅಭಿಪ್ರಾಯ. ಹೋಗಲೇಬೇಕಾದವರು ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆಯನ್ನು ಸವರಿಕೊಂಡು ಹೋಗಲಿ. ತರಗೆಲೆಯ ಮೇಲೆ ಕೂರದಿರಲಿ. ಮನೆಗೆ ಬಂದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆಗಳನ್ನು ಒಗೆಯಲಿ. ಸತ್ತ ಮಂಗನನ್ನು ಕಂಡರೆ ಹತ್ತಿರ ಸುಳಿಯದೆ ಇಲಾಖೆಗೆ ತಿಳಿಸತಕ್ಕದ್ದು. ವಾರದೊಳಗೆ ಜ್ವರ, ತಲೆನೋವು, ಮೈಕೈನೋವು ತೋರಿದರೆ, ಕಾಡಿಗೆ ಹೋದುದನ್ನು ವೈದ್ಯರಿಗೆ ಮರೆಯದೆ ಹೇಳಬೇಕು.

ಮಳೆಗಾಲದಲ್ಲಿ ಪಾಚಿಗಟ್ಟಿದ ಕೆಂಗಲ್ಲು ಜಾರುವುದು. ಗದ್ದೆಯ ನೀರಿನಲ್ಲಿ ಗಾಯದ ಕಾಲನ್ನಿಟ್ಟರೆ ಇಲಿಜ್ವರದ ಭಯವುಂಟು. ಆ ದಿನಗಳಲ್ಲಿ ಮನೆಯ ಜಗುಲಿಯ ವ್ಯಾಯಾಮವೇ ಸಾಕು.

ನಲವತ್ತು ದಾಟಿದವರೂ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಉಳ್ಳವರೂ ವೈದ್ಯರ ಅಪ್ಪಣೆ ಪಡೆದೇ ತೊಡಗಲಿ. ಓಡುತ್ತಿರುವಾಗ ಎದೆ ಬಿಗಿದರೆ ಒಡನೆ ನಿಲ್ಲಲಿ. ಮನೆಯವರು ಕಾಯುತ್ತಿರುವರೆಂಬುದನ್ನು ನೆನೆದು ಅರ್ಧಬಲವನ್ನು ಉಳಿಸಿಕೊಂಡು ಮರಳುವವನು ನಾಳೆಯೂ, ಮುಂದಿನ ವರ್ಷವೂ ಓಡುವನು. ಗೃಹಸ್ಥನಿಗೆ ಅದಕ್ಕಿಂತ ದೊಡ್ಡ ಗೆಲವು ಬೇಕಿಲ್ಲ.