ತಂತಿ ಇಲ್ಲದ ಡ್ರಿಲ್ಲು, ತಂತಿ ಇರುವ ಗೋಡೆ

“ಮಾಸ್ತರೇ, ವೈರ್ ಇಲ್ಲದ ಮಷಿನ್ ಕೊಡಿಸಿದರೆ ಕರೆಂಟ್ ಹೊಡೆಯುವುದಿಲ್ಲ ಅಲ್ಲವಾ?”

ಕಳೆದ ಭಾನುವಾರ ನಮ್ಮ ಗುಡ್ನಾಪುರದ ಕೆರೆ ಏರಿಯ ಮೇಲೆ ಸಿಕ್ಕ ರೈತರೊಬ್ಬರು ಕೇಳಿದ ಪ್ರಶ್ನೆ ಇದು. ಅವರ ಮಗ ನನ್ನ ಹಳೆಯ ವಿದ್ಯಾರ್ಥಿ. ಎಸ್ಸೆಸ್ಸೆಲ್ಸಿ ಮುಗಿಸಿ, ಐ.ಟಿ.ಐ.ನಲ್ಲಿ ಎರಡು ವರ್ಷದ ಎಲೆಕ್ಟ್ರಿಷಿಯನ್ ತರಬೇತಿ ಪಡೆದು, ಈಗ ಸುತ್ತಲಿನ ಊರುಗಳಲ್ಲಿ ವೈರಿಂಗ್ ಕೆಲಸಕ್ಕೆ ಹೋಗುತ್ತಾನೆ. ಕಳೆದ ಮಳೆಗಾಲದಲ್ಲಿ ಒಂದು ಹಳೆಯ ಮನೆಯಲ್ಲಿ ಕೆಲಸ ಮಾಡುವಾಗ ಡ್ರಿಲ್ಲಿಗೆಂದು ಎಳೆದಿದ್ದ ಉದ್ದನೆಯ ವೈರು ಒದ್ದೆ ಅಂಗಳದಲ್ಲಿ ಬಿದ್ದಿತ್ತು. ಅದರಲ್ಲೊಂದು ಟೇಪು ಸುತ್ತಿದ ಜಾಯಿಂಟು. ಅದನ್ನು ಸರಿಸಲು ಹೋದ ಹುಡುಗ ಶಾಕ್ ತಗುಲಿ ಮೆಟ್ಟಿಲ ಮೇಲೆ ಬಿದ್ದ. ಕೈ ಮುರಿಯಿತು, ಪುಣ್ಯಕ್ಕೆ ಜೀವ ಉಳಿಯಿತು.

ಅಂದಿನಿಂದ ತಾಯಿಯದು ಒಂದೇ ಹಟ: “ಈ ಕೆಲಸವೇ ಬೇಡ.” ಮಗನದು ಇನ್ನೊಂದು: “ಬ್ಯಾಟರಿ ಡ್ರಿಲ್ ಕೊಡಿಸಿ ಸಾಕು.” ತಂದೆಯ ಕೈಯಲ್ಲಿ ಶುಂಠಿ ಮಾರಿದ ಹಣ ಒಂದಿಷ್ಟಿದೆ. ಅದನ್ನು ಯಂತ್ರಕ್ಕೆ ಹಾಕುವುದೋ, ಬೇಡವೋ?

ನಾನು ಹೇಳಿದೆ: “ನಿಮ್ಮ ಪ್ರಶ್ನೆಗೆ ಅರ್ಧ ಹೌದು, ಅರ್ಧ ಇಲ್ಲ. ಸಂಜೆ ಮಗನನ್ನು ಕರೆದುಕೊಂಡು ಮನೆಗೆ ಬನ್ನಿ.” ಆ ಸಂಜೆ ನಾವು ಮಾತಾಡಿದ್ದನ್ನೇ ಈ ವಾರ ಬರೆಯುತ್ತಿದ್ದೇನೆ. ಮನೆಯಲ್ಲಿ ಕೈಕೆಲಸ ಕಲಿಯುತ್ತಿರುವ ಮಕ್ಕಳಿದ್ದರೆ ನಿಮಗೂ ಉಪಯೋಗವಾದೀತು.

ಮೊದಲು ಅರ್ಧ ಹೌದು. ತಂತಿಯ ಡ್ರಿಲ್ ನಡೆಯುವುದು 230 ವೋಲ್ಟ್ ವಿಭವಾಂತರದಲ್ಲಿ. ಬ್ಯಾಟರಿ ಡ್ರಿಲ್ಲಿನದು 12 ಅಥವಾ 18 ವೋಲ್ಟ್. ಇಷ್ಟು ಕಡಿಮೆ ವಿಭವಾಂತರವು ಒಣಗಿದ ಚರ್ಮದ ರೋಧವನ್ನು ಮೀರಿ ಅಪಾಯಕಾರಿ ಪ್ರವಾಹವನ್ನು ದೇಹದೊಳಗೆ ಹರಿಸಲಾರದು. ಅಂಗಳದಲ್ಲಿ ಎಳೆದ ವೈರು, ಸಡಿಲ ಪ್ಲಗ್ಗು, ಟೇಪಿನ ಜಾಯಿಂಟು, ಇವೆಲ್ಲ ಹೋದವು. ಆ ದಿನ ಹುಡುಗನ ಕೈಯಲ್ಲಿ ಬ್ಯಾಟರಿ ಡ್ರಿಲ್ ಇದ್ದಿದ್ದರೆ ಆ ಅಪಘಾತ ಆಗುತ್ತಿರಲಿಲ್ಲ.

ಇನ್ನು ಅರ್ಧ ಇಲ್ಲ. ಡ್ರಿಲ್ಲಿಗೆ ತಂತಿ ಇಲ್ಲದಿದ್ದರೂ ಗೋಡೆಯೊಳಗೆ ತಂತಿ ಇದೆಯಲ್ಲ! ತಿರುಗುವ ಬಿಟ್ಟು ಗೋಡೆಯಲ್ಲಿ ಹೂತ ಪೈಪನ್ನು ತೂರಿ ಜೀವಂತ ವೈರನ್ನು ಮುಟ್ಟಿದರೆ, 230 ವೋಲ್ಟು ಬಿಟ್ಟಿನಿಂದ ಲೋಹದ ಚಕ್ಕಿಗೆ ಬರುತ್ತದೆ. ಚಕ್ಕನ್ನು ಬೆರಳು ಮುಟ್ಟಿದ್ದರೆ ಯಂತ್ರ ಯಾವುದಾದರೇನು, ಶಾಕ್ ಶಾಕೇ.

ಆದರೆ ಬ್ಯಾಟರಿ ಯಂತ್ರದ ನಿಜವಾದ ಲಾಭ ಇಲ್ಲಿಯೇ ಅಡಗಿದೆ. ತಂತಿಯ ಡ್ರಿಲ್ ನಡೆಯಬೇಕಾದರೆ ಮನೆಗೆ ಕರೆಂಟು ಬೇಕು. ಆದ್ದರಿಂದ ಕೆಲಸಗಾರರು ಮೇನ್ ಸ್ವಿಚ್ಚನ್ನು ಆರಿಸದೆ ಗೋಡೆ ಕೊರೆಯುತ್ತಾರೆ. ಬ್ಯಾಟರಿ ಡ್ರಿಲ್ಲಿಗೆ ಆ ಹಂಗಿಲ್ಲ. ಮೇನ್ ಆರಿಸಿಯೇ ಕೊರೆಯಬಹುದು. ನಮ್ಮ ಮಲೆನಾಡಿನ ಮನೆಗಳಲ್ಲಿ ಇನ್ವರ್ಟರ್ ಇರುವುದುಂಟು; ಮೇನ್ ಆರಿಸಿದರೂ ಅದರ ಲೈನಿನಲ್ಲಿ ವಿದ್ಯುತ್ ಹರಿಯುತ್ತಿರುತ್ತದೆ. ಅದನ್ನೂ ಆರಿಸಬೇಕು. ಆರಿಸುವ ಮೊದಲು ಟೆಸ್ಟರ್ ಸರಿಯಾಗಿ ಉರಿಯುತ್ತದೆಯೇ ನೋಡಿಕೊಂಡು, ಆರಿಸಿದ ಮೇಲೆ ಮತ್ತೆ ಪರೀಕ್ಷಿಸಬೇಕು. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ, ನೇರ ಪಕ್ಕದಲ್ಲಿ ಕೊರೆಯಬಾರದು. ಪೈಪುಗಳು ಸಾಮಾನ್ಯವಾಗಿ ಹೋಗುವುದೇ ಆ ದಾರಿಯಲ್ಲಿ.

“ಹಾಗಾದರೆ ಯಾವುದು ತಗೊಳ್ಳಲಿ ಸರ್?” ಎಂದ ಹುಡುಗ. ಅವನು ನೋಡಿಟ್ಟಿದ್ದ ಅಗ್ಗದ ಯಂತ್ರದ ಪೆಟ್ಟಿಗೆಯ ಮೇಲೆ 48 ಎಂದು ದಪ್ಪಕ್ಷರದಲ್ಲಿತ್ತಂತೆ. “18ಕ್ಕಿಂತ 48 ದೊಡ್ಡದಲ್ಲವಾ?”

ಇಲ್ಲಿ ಹತ್ತನೆಯ ತರಗತಿಯ ಪಾಠ ನೆನಪಿಗೆ ಬರಬೇಕು. ಲಿಥಿಯಂ-ಅಯಾನ್ ಕೋಶವೊಂದರ ಸರಾಸರಿ ವಿಭವಾಂತರ ಸುಮಾರು 3.6 ವೋಲ್ಟ್. ಐದು ಕೋಶಗಳನ್ನು ಸರಣಿಯಲ್ಲಿ ಜೋಡಿಸಿದರೆ 18 ವೋಲ್ಟ್. ಪೂರ್ತಿ ಚಾರ್ಜ್ ಆದಾಗ ಅದೇ ಐದು ಕೋಶಗಳು 20 ವೋಲ್ಟಿಗಿಂತ ತುಸು ಹೆಚ್ಚು ತೋರಿಸುತ್ತವೆ. ಹೀಗಾಗಿ ಒಂದು ಕಂಪನಿಯ 18 ವೋಲ್ಟೂ ಇನ್ನೊಂದು ಕಂಪನಿಯ “20 ಮ್ಯಾಕ್ಸ್” ಕೂಡ ಒಂದೇ. ಮೂರು ಕೋಶಗಳಿದ್ದರೆ 10.8, ಅಂಗಡಿಯಲ್ಲಿ ಅದಕ್ಕೆ 12 ವೋಲ್ಟ್ ಎನ್ನುತ್ತಾರೆ. ನಿಜಕ್ಕೂ 48 ವೋಲ್ಟ್ ಬೇಕಾದರೆ ಹದಿಮೂರು ಕೋಶಗಳಾದರೂ ಬೇಕು. ಅಂಗೈಯಲ್ಲಿ ಹಿಡಿಸುವ ಬ್ಯಾಟರಿಯಲ್ಲಿ ಅಷ್ಟು ಕೋಶಗಳು ಎಲ್ಲಿಂದ ಬರಬೇಕು? ಪೆಟ್ಟಿಗೆಯ ಮೇಲಿನ ಸಂಖ್ಯೆ ನೋಡಿ ಮರುಳಾಗದೆ, ಒಳಗೆ ಎಷ್ಟು ಕೋಶಗಳಿವೆ ಎಂದು ಕೇಳಬೇಕು.

ಬ್ಯಾಟರಿಯಲ್ಲಿ ಎಷ್ಟು ಶಕ್ತಿ ಇದೆ ಎಂದು ತಿಳಿಯಲು ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಬೇಕು. 18 ವೋಲ್ಟ್, 2 ಆಂಪಿಯರ್-ಗಂಟೆ ಎಂದರೆ 36 ವ್ಯಾಟ್-ಗಂಟೆ, ಅಂದರೆ 1,29,600 ಜೂಲ್. ಲೆಕ್ಕದ ಸಲುವಾಗಿ ಹೀಗೆ ಭಾವಿಸೋಣ: ಚಿರೆಕಲ್ಲಿನಲ್ಲಿ ಒಂದು ಸಣ್ಣ ತೂತಿಗೆ 200 ವ್ಯಾಟಿನಂತೆ 10 ಸೆಕೆಂಡು ಬೇಕಾದರೆ 2,000 ಜೂಲ್ ಖರ್ಚು. ಒಮ್ಮೆ ಚಾರ್ಜ್ ಮಾಡಿದರೆ 64 ತೂತು. ಅದೇ ಕಾಂಕ್ರೀಟಿನಲ್ಲಿ 300 ವ್ಯಾಟಿನಂತೆ 30 ಸೆಕೆಂಡು ಹಿಡಿದರೆ ಒಂದಕ್ಕೆ 9,000 ಜೂಲ್. ಹದಿನಾಲ್ಕೇ ತೂತಿಗೆ ಬ್ಯಾಟರಿ ಖಾಲಿ! ಬಿಸಿಯಾಗಿ ನಷ್ಟವಾಗುವುದನ್ನು ಕಳೆದರೆ ಇನ್ನೂ ಕಡಿಮೆ. ಆದ್ದರಿಂದ “ಯಾವ ಡ್ರಿಲ್ ಒಳ್ಳೆಯದು?” ಎಂದು ಕೇಳುವ ಮೊದಲು “ನಾನು ಕೊರೆಯುವುದು ಯಾವ ಗೋಡೆಯನ್ನು?” ಎಂದು ಕೇಳಿಕೊಳ್ಳಬೇಕು.

ನಮ್ಮೂರಲ್ಲಿ ಕದಂಬ ಅರಸ ರವಿವರ್ಮನ ಸುಮಾರು 1500 ವರ್ಷ ಹಳೆಯ ಕಂಬ ಶಾಸನ ಸಿಕ್ಕಿದೆ. ಅದರ ಅಕ್ಷರಗಳನ್ನು ಕೆತ್ತಿದವರು ಉಳಿಯನ್ನು ಕಲ್ಲಿನ ಮೇಲೆ ತಿರುಗಿಸುತ್ತಾ ಕೂರಲಿಲ್ಲ, ಪೆಟ್ಟು ಹಾಕಿದರು. ಗಟ್ಟಿ ಕಲ್ಲು ಸೋಲುವುದು ಪೆಟ್ಟಿಗೆ. ಮರ, ತಗಡು, ಪ್ಲಾಸ್ಟಿಕ್ಕಿಗೆ ಬರೀ ತಿರುಗುವ ಡ್ರಿಲ್ ಸಾಕು. ಚಿರೆಕಲ್ಲು, ಇಟ್ಟಿಗೆಗೆ ಇಂಪ್ಯಾಕ್ಟ್ ಡ್ರಿಲ್ ಬೇಕು. ಅದರೊಳಗೆ ಹಲ್ಲಿರುವ ಎರಡು ಬಿಲ್ಲೆಗಳು ಒಂದರ ಮೇಲೊಂದು ಜಾರಿ ಸಣ್ಣ ಸಣ್ಣ ಪೆಟ್ಟು ಕೊಡುತ್ತವೆ. ನಾವು ಒತ್ತಿದಷ್ಟೇ ಕೆಲಸ. ಪಿಲ್ಲರು, ಲಿಂಟಲು, ಸ್ಲ್ಯಾಬಿನಂಥ ಕಾಂಕ್ರೀಟಿಗೆ ರೋಟರಿ ಹ್ಯಾಮರ್ ಬೇಕು. ಅದರಲ್ಲಿ ಪಿಸ್ಟನ್ ಗಾಳಿಯನ್ನು ಒತ್ತಿ, ಆ ಒತ್ತಡದಿಂದ ಬಿಟ್ಟಿನ ಬುಡಕ್ಕೆ ನಿಜವಾದ ಸುತ್ತಿಗೆ ಪೆಟ್ಟು ಬೀಳುತ್ತದೆ. ಕೈ ಸೋಲದೆ ಕೆಲಸ ಮುಗಿಯುತ್ತದೆ.

ತಂತಿ ಬಿಟ್ಟ ಡ್ರಿಲ್ಲಿನ ಕಥೆಯೂ ಇದನ್ನೇ ಹೇಳುತ್ತದೆ. 1961ರಲ್ಲಿ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕ್ಕರ್ ಕಂಪನಿ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯ ಡ್ರಿಲ್ಲನ್ನು ಹೊರತಂದಿತು. ಹತ್ತು ವರ್ಷಗಳ ನಂತರ, 1971ರಲ್ಲಿ, ಅಪೊಲೊ 15ರ ಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ನೆಲವನ್ನೇ ಬ್ಯಾಟರಿ ಡ್ರಿಲ್ಲಿನಿಂದ ಕೊರೆದರು. ಅಲ್ಲಿಯೂ ನೆಲ ಎಣಿಸಿದ್ದಕ್ಕಿಂತ ಬಿಗಿಯಾಗಿತ್ತು. ಕೊಳವೆ ಸಿಕ್ಕಿಹಾಕಿಕೊಂಡು, ಅದನ್ನು ಹೊರಗೆಳೆಯಲು ಇಬ್ಬರು ಗಗನಯಾತ್ರಿಗಳು ಹೆಣಗಬೇಕಾಯಿತು. ಎಲ್ಲಿಯೇ ಆಗಲಿ, ಕೊನೆಯ ಮಾತು ನೆಲದ್ದು, ಯಂತ್ರದ್ದಲ್ಲ.

ಹುಡುಗನ ಕೆಲಸದ ಪಟ್ಟಿ ಮಾಡಿಸಿದೆ. ಬೋರ್ಡು, ಪೈಪಿನ ಕ್ಲಿಪ್ಪು, ಫಿಟ್ಟಿಂಗುಗಳ ಸ್ಕ್ರೂ ಹಾಕುವುದು ಮತ್ತು ತೆಗೆಯುವುದೇ ಹೆಚ್ಚು. ನಂತರ ಚಿರೆಕಲ್ಲಿನ ಗೋಡೆಯಲ್ಲಿ 6 ಮತ್ತು 8 ಮಿ.ಮೀ. ತೂತು. ಕಾಂಕ್ರೀಟ್ ಕೊರೆಯುವುದು ಅಪರೂಪ. ಇಂಥ ಕೆಲಸಕ್ಕೆ ಎರಡು ವೇಗದ ಗೇರು, ಇಂಪ್ಯಾಕ್ಟ್ ಸೌಲಭ್ಯ ಮತ್ತು ಎರಡು ಬ್ಯಾಟರಿ ಇರುವ 18 ವೋಲ್ಟಿನ ಯಂತ್ರ ಸರಿ. ಸ್ಕ್ರೂ ಕೆಲಸ ಮಾತ್ರವಿದ್ದರೆ 12 ವೋಲ್ಟಿನದೇ ಸಾಕಿತ್ತು. ಹಗುರ ಯಂತ್ರ ಏಣಿಯ ಮೇಲೆ ತಲೆ ಎತ್ತಿ ದುಡಿಯುವವರ ತೋಳನ್ನು ಉಳಿಸುತ್ತದೆ. ಚಕ್ಕಿನ ಹಿಂದೆ ಅಂಕಿಗಳಿರುವ ಬಳೆ ಇರುತ್ತದೆ, ಅದೇ ಕ್ಲಚ್ಚು. ಸ್ಕ್ರೂ ಬಿಗಿಯಾದೊಡನೆ ಅದು ಜಾರುತ್ತದೆ. ಸಣ್ಣ ಅಂಕಿಯಿಂದ ಆರಂಭಿಸಿದರೆ ಪ್ಲಾಸ್ಟಿಕ್ ಬೋರ್ಡು ಒಡೆಯುವುದಿಲ್ಲ. ಬ್ರಷ್ ಇಲ್ಲದ ಮೋಟಾರಾದರೆ ಕಾರ್ಬನ್ ಸವೆಯುವ ಪ್ರಶ್ನೆ ಇಲ್ಲ, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ. ಬೆಲೆ ಮಾತ್ರ ಹೆಚ್ಚು.

ತಂದೆಗೆ ಇನ್ನೊಂದು ಮಾತು ಹೇಳಿದೆ. ಒಂದು ಕಂಪನಿಯ ಬ್ಯಾಟರಿ ಸಾಮಾನ್ಯವಾಗಿ ಇನ್ನೊಂದರ ಯಂತ್ರಕ್ಕೆ ಕೂರುವುದಿಲ್ಲ. ಇಂದು ಕೊಳ್ಳುವುದು ಒಂದು ಡ್ರಿಲ್ಲಾದರೂ, ಮುಂದೆ ಕೊಳ್ಳುವ ಯಂತ್ರಗಳೂ ಅದೇ ಕಂಪನಿಯವಾಗುತ್ತವೆ. ಆದ್ದರಿಂದ ಬ್ಯಾಟರಿಯೊಂದೇ ಬಿಡಿಯಾಗಿ ಸಿಗುತ್ತದೆಯೇ, ಕೆಟ್ಟರೆ ಶಿರಸಿಯಲ್ಲಿ ರಿಪೇರಿಯೋ, ಹುಬ್ಬಳ್ಳಿಗೆ ಓಡಬೇಕೋ ಎಂದು ವಿಚಾರಿಸಿ ಹಣ ಕೊಡಿ. ಬ್ಯಾಟರಿಯನ್ನು ಬಿಸಿಲಿನಲ್ಲಿ ನಿಂತ ಬೈಕಿನ ಪೆಟ್ಟಿಗೆಯಲ್ಲಿ ಬಿಡಬಾರದು. ಮಳೆಯಲ್ಲಿ ನೆನೆದದ್ದನ್ನು ಚಾರ್ಜಿಗೆ ಹಾಕಬಾರದು. ಎಂದಾದರೊಮ್ಮೆ ಬೇಕಾಗುವ ರೋಟರಿ ಹ್ಯಾಮರನ್ನು ಬಾಡಿಗೆಗೆ ತಂದರಾಯಿತು. ಅದು ತಂತಿಯದಾದರೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಇರುವ ಲೈನಿನಿಂದಲೇ ನಡೆಸಬೇಕು. ಜಾಯಿಂಟು ಇರುವ ವೈರು ಮಾತ್ರ ಎಂದೆಂದಿಗೂ ಬೇಡ.

ತಂದೆ ಎದ್ದು ನಿಂತು, “ಇವನ ಅವ್ವನಿಗೆ ಏನು ಹೇಳಲಿ ಮಾಸ್ತರೇ?” ಎಂದರು.

ಉತ್ತರವನ್ನು ಮಗನೇ ಕೊಟ್ಟ: “ಮೇನ್ ಆಫ್ ಮಾಡದೆ ಗೋಡೆ ಮುಟ್ಟೋದಿಲ್ಲ ಅಂತ ಹೇಳು ಅಪ್ಪ. ಮನೆಯವರು ಫ್ಯಾನ್ ಬೇಕು ಅಂದರೂ ಸರಿ.”

ಪಾಲಕರೇ, ಕೈಕೆಲಸ ಕಲಿತ ಮಗುವಿಗೆ ಒಳ್ಳೆಯ ಸಲಕರಣೆ ಕೊಡಿಸುವುದು, ಓದುವ ಮಗುವಿಗೆ ಪುಸ್ತಕ ಕೊಡಿಸಿದಂತೆಯೇ. ಆದರೆ ಯಂತ್ರದ ಜೊತೆಗೆ ಈ ಒಂದು ಮಾತನ್ನೂ ಪಡೆದುಕೊಳ್ಳಿ. ಅದಿಲ್ಲದಿದ್ದರೆ ಎಷ್ಟು ಹಣದ ಡ್ರಿಲ್ಲೂ ದಂಡ.

ವಿದ್ಯಾರ್ಥಿಗಳಿಗೊಂದು ಲೆಕ್ಕ: ಮೂರು ಕೋಶಗಳ, 2 ಆಂಪಿಯರ್-ಗಂಟೆಯ ಬ್ಯಾಟರಿಯಿಂದ ಮೇಲೆ ಹೇಳಿದ ಚಿರೆಕಲ್ಲಿನ ತೂತುಗಳನ್ನು ಎಷ್ಟು ಕೊರೆಯಬಹುದು? ಪೆಟ್ಟಿಗೆಯ ಮೇಲಿನ 12 ಅನ್ನು ನಂಬಿ ಗುಣಿಸಿದವರ ಉತ್ತರ ತಪ್ಪಾಗುತ್ತದೆ, ನೆನಪಿರಲಿ.