ಸಿಹಿ ವೈನ್ ಮತ್ತು ಮಕ್ಕಳ ಲೋಟ

ಕ್ರಿಸ್‌ಮಸ್ ಹತ್ತಿರವಾಯಿತೆಂದರೆ ನಮ್ಮ ಬೇಳ, ಕಯ್ಯಾರು ಕಡೆಯ ಮನೆಗಳಲ್ಲಿ ಭರಣಿಗಳು ಅಟ್ಟದಿಂದ ಇಳಿಯುತ್ತವೆ. ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಲವಂಗ, ಚಕ್ಕೆ, ಚಿಟಿಕೆ ಯೀಸ್ಟ್. ಇಪ್ಪತ್ತೊಂದು ದಿನಕ್ಕೆ ವೈನ್ ಸಿದ್ಧ. ನೆರೆಕರೆಯವರಿಗೆ ಕೇಕಿನೊಡನೆ ಒಂದೊಂದು ಲೋಟ. ಕಳೆದ ವರ್ಷ ಹಾಗೆ ಹೋಗಿ ಕುಳಿತಿದ್ದಾಗ ಎಂಟು ವರ್ಷದ ಹುಡುಗನಿಗೂ ಅರ್ಧ ಲೋಟ ಬಂತು. ನಾನು ಹುಬ್ಬೇರಿಸಿದೆ. "ಇದು ಬರೀ ಸಿಹಿ ಮಾಸ್ಟ್ರೇ, ಅಮಲೇನೂ ಇಲ್ಲ" ಎಂದರು ಮನೆಯವರು. ಅವರು ಸುಳ್ಳು ಹೇಳುವವರಲ್ಲ, ನಂಬಿಕೆಯೇ ಹಾಗೆ.

ಈ ನಂಬಿಕೆಯ ಬೇರು ಕಳ್ಳಿನಲ್ಲಿದೆಯೆಂದು ನನ್ನ ಊಹೆ. ಬೆಳಗ್ಗೆ ಇಳಿಸಿದ್ದು ಸಿಹಿ, ಸಂಜೆಗೆ ಹುಳಿಯೂ ಅಮಲೂ. ಅಲ್ಲಿ ಸಿಹಿ ಇಳಿದಂತೆ ಅಮಲು ಏರುತ್ತದೆ, ಏಕೆಂದರೆ ತೆಂಗು ಕೊಟ್ಟಷ್ಟೇ ಸಕ್ಕರೆ ಯೀಸ್ಟಿಗೆ ಆಹಾರ. ಭರಣಿಯ ಲೆಕ್ಕ ಬೇರೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇಕಡಾ 1ರಷ್ಟು ಆಲ್ಕೊಹಾಲ್. ಒಂದು ಕಿಲೋ ದ್ರಾಕ್ಷಿಗೆ ಒಂದು ಕಿಲೋ ಸಕ್ಕರೆ ಹಾಕಿ ಒಟ್ಟು 3 ಲೀಟರ್ ಆಯಿತೆನ್ನಿ. ಲೀಟರಿಗೆ 330 ಗ್ರಾಂ, ದ್ರಾಕ್ಷಿಯ ಸಕ್ಕರೆ ಬೇರೆ. ಹುದುಗು ಚೆನ್ನಾಗಿ ನಡೆದರೆ ಶೇಕಡಾ 12ರ ಆಸುಪಾಸಿನಲ್ಲಿ ಯೀಸ್ಟ್ ತಾನು ಮಾಡಿದ ಆಲ್ಕೊಹಾಲಿಗೆ ತಾನೇ ಸೋಲುತ್ತದೆ. ಅಷ್ಟಕ್ಕೆ ಖರ್ಚಾದುದು 200 ಗ್ರಾಂ ಮಾತ್ರ. ಉಳಿದ 130 ಗ್ರಾಂ ನಾಲಗೆಗೆ ಸಿಹಿ. ಅಂದರೆ ಸಾಮಾನ್ಯ ಬಿಯರಿನ ಎರಡು ಪಟ್ಟಿಗೂ ಮಿಕ್ಕಿದ ಅಮಲು, ಶರಬತ್ತಿನ ರುಚಿಯಲ್ಲಿ!

ಸಿಹಿ ಉಳಿಯದ ವೈನಿಗೆ ಇಂಗ್ಲಿಷಿನಲ್ಲಿ 'ಡ್ರೈ' ಎನ್ನುತ್ತಾರೆ. ಯುರೋಪಿನಲ್ಲಿ ಸಾಮಾನ್ಯವಾಗಿ ಲೀಟರಿಗೆ 4 ಗ್ರಾಂ ಮೀರದಷ್ಟು ಸಕ್ಕರೆ ಉಳಿದದ್ದಕ್ಕೆ ಆ ಹೆಸರು. ಹತ್ತನೆಯ ತರಗತಿಯ ಎಥನಾಲ್ ಪಾಠದಲ್ಲಿ ಈ ಮಾತು ಬಂದಾಗ "ದ್ರವ ಒಣಗುವುದು ಹೇಗೆ ಸರ್?" ಎಂದು ಒಬ್ಬಳು ಕೇಳಿದಳು. ನ್ಯಾಯವಾದ ಪ್ರಶ್ನೆ. 'ಒಣ' ಎಂದರೆ ಅರ್ಥವಾಗದು. 'ಒಗರು' ಎಂದರೂ ತಪ್ಪು, ಅದು ದ್ರಾಕ್ಷಿ ಸಿಪ್ಪೆಯ ಟ್ಯಾನಿನ್ನಿನದು, ಸಿಹಿ ವೈನಿನಲ್ಲೂ ಇರಬಹುದು. 'ಸಿಹಿ ಇಂಗಿದ್ದು' ಎಂದು ಬರೆಸಿದೆ. ಇದಕ್ಕಿಂತ ಒಳ್ಳೆಯ ಕನ್ನಡ ಶಬ್ದ ಯಾರಲ್ಲಾದರೂ ಇದ್ದರೆ ಈ ಪತ್ರಿಕೆಗೆ ಬರೆಯಲಿ.

ಪರವಾನಿಗೆಯಿಲ್ಲದೆ ಮನೆಯಲ್ಲಿ ವೈನ್ ಮಾಡುವುದು ಅಪರಾಧವೆಂದು ಕೇರಳದ ಅಬಕಾರಿ ಇಲಾಖೆ 2019ರ ಡಿಸೆಂಬರಿನಲ್ಲಿ ಎಚ್ಚರಿಸಿತ್ತು. ಆ ಚರ್ಚೆ ಇಲ್ಲಿ ಬೇಡ. ಭರಣಿ ಇಳಿಸುವ ಮನೆಗಳಲ್ಲಿ ನನ್ನ ಕೋರಿಕೆ ಎರಡೇ. ಸಿಹಿ ಉಳಿದ ವೈನನ್ನು ಸೀಸೆಯಲ್ಲಿ ಬಿಗಿದು ಮುಚ್ಚಬೇಡಿ. ಯೀಸ್ಟಿಗೆ ಇನ್ನೂ ಜೀವವಿದ್ದರೆ ಅನಿಲ ತುಂಬಿ ಸೀಸೆ ಒಡೆದೀತು. ಮಕ್ಕಳ ಲೋಟಕ್ಕೆ ಅಂದೇ ಹಿಂಡಿದ ದ್ರಾಕ್ಷಿ ರಸ ಕೊಡಿ.