ಬಿಲ್ಲಿನ ತಂತ್ರಾಂಶ: ಕೀಲಿಮಣೆಯ ಪರೀಕ್ಷೆಯೂ ನಡೆಯಲಿ

ಕಡೂರಿನ ಕೊಬ್ಬರಿ, ತರೀಕೆರೆಯ ಅಡಿಕೆ, ಅಜ್ಜಂಪುರದ ಈರುಳ್ಳಿ, ಸರಕು ಯಾವುದೇ ಇರಲಿ, ಇಂದು ಅನೇಕ ಅಂಗಡಿಗಳಲ್ಲಿ ಬಿಲ್ಲು ಸಿದ್ಧವಾಗುವುದು ಗಣಕಯಂತ್ರದಲ್ಲಿ. ತಂತ್ರಾಂಶ ಕೊಳ್ಳುವಾಗ ವರ್ತಕರು ಬೆಲೆಯನ್ನೂ ವರದಿಗಳ ಪಟ್ಟಿಯನ್ನೂ ವಿಚಾರಿಸುತ್ತಾರೆ. ಗುಮಾಸ್ತನ ಬೆರಳುಗಳು ದಿನವಿಡೀ ಆಡುವ ಕೀಲಿಮಣೆಗೆ ಅದು ಹೇಗೆ ಸ್ಪಂದಿಸುತ್ತದೆಂದು ಕೇಳುವವರು ವಿರಳ. ನಷ್ಟದ ಬೀಜವಿರುವುದು ಅಲ್ಲಿಯೇ.

ಪರದೆಯಲ್ಲಿ ಹಲವು ಚೌಕಗಳಿದ್ದರೂ ಒತ್ತಿದ ಅಕ್ಷರ ಸೇರುವುದು ಒಂದರಲ್ಲಿ ಮಾತ್ರ. ಆ ಚೌಕಕ್ಕೆ 'ಫೋಕಸ್' ಇದೆ ಎನ್ನುತ್ತಾರೆ. ಜಾವಾದ ಸ್ವಿಂಗ್ ಬಳಸಿ ರಚಿಸಿದ ತಂತ್ರಾಂಶದಲ್ಲಿ ಫೋಕಸನ್ನು ಮುಂದಿನ ಚೌಕಕ್ಕೆ ಒಯ್ಯುವುದು ಟ್ಯಾಬ್ ಕೀಲಿ. ಬೇರೆ ಏರ್ಪಾಡು ಮಾಡದ ಹೊರತು ಎಂಟರ್ ಒತ್ತಿದರೆ ಅದು ಕದಲದು. ಎಂಟರ್ ಒತ್ತುವ ರೂಢಿಯ ಗುಮಾಸ್ತನು 48 ಕಿಲೋ ತೂಕದ ಬಳಿಕ 410 ರೂಪಾಯಿ ದರವನ್ನು ಒತ್ತಿದರೆ ತೂಕದ ಚೌಕದಲ್ಲಿ 48410 ಮೂಡೀತು. ಎಂಟರ್‌ಗೂ ಮುಂದೆ ಸಾಗುವ ಕೆಲಸ ವಹಿಸಲು ತಂತ್ರಜ್ಞನಿಗೆ ಕೆಲವೇ ಸಾಲುಗಳು ಸಾಕು.

ಎರಡನೆಯದು ತಪ್ಪಿನ ತಡೆ. ಜಿಎಸ್‌ಟಿ ನೋಂದಣಿ ಸಂಖ್ಯೆಗೆ 15 ಅಕ್ಷರಾಂಕಗಳು. ಕರ್ನಾಟಕದ್ದು 29ರಿಂದ ಆರಂಭ. ಒಂದು ಅಂಕಿ ತಪ್ಪಿದರೂ ಬಿಲ್ಲು ಖರೀದಿದಾರನ ಜಿಎಸ್‌ಟಿಆರ್-2ಬಿ ಪಟ್ಟಿಗೆ ಬಾರದೆ ಅವನ ಹೂಡುವಳಿ ತೆರಿಗೆಯ ಲಾಭಕ್ಕೆ ಅಡ್ಡಿಯಾದೀತು. ಒತ್ತಿದ ಕೀಲಿಗಳನ್ನಷ್ಟೇ ಕಾಯುವ ತಂತ್ರಾಂಶದಲ್ಲಿ ಮೌಸಿನಿಂದ ಅಂಟಿಸಿದ ಪಠ್ಯ ನುಸುಳಿಬಿಡುತ್ತದೆ. ಚೌಕದೊಳಗೆ ಬರುವ ಪಠ್ಯವನ್ನೇ ಸೋಸುವ 'ಡಾಕ್ಯುಮೆಂಟ್ ಫಿಲ್ಟರ್' 2002ರ ಜಾವಾ 1.4ರಿಂದಲೂ ಲಭ್ಯವಿದೆ. ಆದರೆ ತಪ್ಪು ತಿದ್ದುವವರೆಗೆ ಚೌಕದಿಂದ ಹೊರಬಿಡದ ಏರ್ಪಾಡು ಅತಿಯಾದುದು. ಗಿರಾಕಿ ಸಂಖ್ಯೆ ಹುಡುಕುವಷ್ಟರಲ್ಲಿ ಉಳಿದ ಕೆಲಸ ನಿಲ್ಲಬಾರದು. ಚೌಕ ಕೆಂಪಾಗಲಿ, ಮುದ್ರಣಕ್ಕೆ ಮಾತ್ರ ತಡೆಯಿರಲಿ.

ಮೂರನೆಯದು ಕನ್ನಡ. ಹೆಸರು ಕನ್ನಡದಲ್ಲಿ, ನೋಂದಣಿ ಸಂಖ್ಯೆ ಇಂಗ್ಲಿಷಿನಲ್ಲಿ. ಚೌಕ ಬದಲಾದಂತೆ ಕೀಲಿಮಣೆಯೂ ತಾನಾಗಿ ಬದಲಾದರೆ ಅರ್ಧ ಶ್ರಮ ಉಳಿದಂತೆ. ಜಾವಾದಲ್ಲಿ ಇದಕ್ಕೆ ಅವಕಾಶವಿದೆಯಾದರೂ ನುಡಿಯಂತಹ ಪ್ರತ್ಯೇಕ ತಂತ್ರಾಂಶದೊಡನೆ ಹೊಂದುವುದೇ ಎಂಬುದನ್ನು ಅಂಗಡಿಯಲ್ಲಿಯೇ ನೋಡಬೇಕು. ಅಕ್ಷರಮಿತಿಯೂ ಮುಖ್ಯ. 'ಈರುಳ್ಳಿ' ಕಣ್ಣಿಗೆ ಮೂರು ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಏಳು. ಇಂಗ್ಲಿಷಿನ ಅಳತೆಯಲ್ಲಿ ಮಿತಿ ಹಾಕಿದರೆ ಕನ್ನಡದ ಹೆಸರು ನಡುವೆಯೇ ತುಂಡಾಗುತ್ತದೆ.

ಪರೀಕ್ಷೆ ಸುಲಭ. ಮೌಸನ್ನು ಬದಿಗಿಟ್ಟು ಹತ್ತು ಹಳೆಯ ಬಿಲ್ಲುಗಳನ್ನು ಗುಮಾಸ್ತನಿಂದಲೇ ಬರೆಸಬೇಕು. ಅವನ ಕೈ ಎಲ್ಲಿ ತಡವರಿಸಿತೋ ಅಲ್ಲಿ ತಿದ್ದುಪಡಿ ಕೇಳಬೇಕು. ಕೊನೆಯ ಕಂತು ಸಲ್ಲುವುದು ಅದಾದ ಮೇಲೆಯೇ ಆಗಲಿ. ತಕ್ಕಡಿಯನ್ನು ಪರೀಕ್ಷಿಸದೆ ಕೊಳ್ಳದ ವರ್ತಕ ತಂತ್ರಾಂಶವನ್ನಾದರೂ ಏಕೆ ಹಾಗೆ ಕೊಳ್ಳಬೇಕು?